ಅಣೆಕಟ್ಟು ಇಲ್ಲದ ಕಣಿವೆಯಲ್ಲಿ

ಅಣೆಕಟ್ಟು ನೋಡಲು ಪ್ರವಾಸ ಹೋಗುವುದು ನಮಗೇನೂ ಹೊಸದಲ್ಲ. ಶಾಲೆಯ ಬಸ್ಸಿನಲ್ಲಿ ಕನ್ನಂಬಾಡಿಗೋ ಹೊಸಪೇಟೆಯ ತುಂಗಭದ್ರೆಗೋ ಹೋಗಿ, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು, ಕ್ರಸ್ಟ್‌ಗೇಟುಗಳನ್ನು ಎಣಿಸಿ ಬಂದವರೇ ನಾವೆಲ್ಲ. ಆದರೆ ಇದ್ದ ಅಣೆಕಟ್ಟನ್ನು ಒಡೆದು ತೆಗೆದ ಜಾಗವನ್ನು ನೋಡಲು ಜನ ಐದು ಕಿಲೋಮೀಟರ್ ನಡೆದು ಹೋಗುವುದನ್ನು ಕಾಣಬೇಕಾದರೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯಕ್ಕೆ, ಒಲಿಂಪಿಕ್ ಪರ್ಯಾಯ ದ್ವೀಪದ ಎಲ್ವಾ ನದಿ ಕಣಿವೆಗೆ ಬರಬೇಕು.

ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನ ಕಾರಿನಲ್ಲಿ ನಾವು ಹೊರಟದ್ದು ಸೆಪ್ಟೆಂಬರ್ ಕೊನೆಯಲ್ಲಿ. ಮೊದಲು ಕಾರಿನ ಸಮೇತ ಫೆರ್ರಿ ಹತ್ತಿ ಬೇನ್‌ಬ್ರಿಜ್ ದ್ವೀಪ, ಅಲ್ಲಿಂದ ಹುಡ್ ಕಾಲುವೆಯ ಮೇಲಿನ ತೇಲುವ ಸೇತುವೆ, ಆಮೇಲೆ 101ನೇ ಹೆದ್ದಾರಿ. ದಾರಿಯಲ್ಲಿ ಸಿಗುವ ಸೀಕ್ವಿಮ್ ಎಂಬ ಊರು ಒಲಿಂಪಿಕ್ ಪರ್ವತಗಳ ಮಳೆನೆರಳಿನಲ್ಲಿದೆ. ಅಲ್ಲಿ ವರ್ಷಕ್ಕೆ ನಾನೂರು ಮಿಲಿಮೀಟರ್ ಮಳೆಯಾದರೆ ಹೆಚ್ಚು. ಅದೇ ಬೆಟ್ಟಸಾಲಿನ ಪಶ್ಚಿಮ ಮಗ್ಗುಲಿನ ಹೋ ಕಾಡಿನಲ್ಲಿ ಮೂರೂವರೆ ಸಾವಿರ ಮಿಲಿಮೀಟರ್! ಇಲ್ಲಿಯವರು ಅದನ್ನು ಬಾಯಿಬಿಟ್ಟುಕೊಂಡು ಹೇಳುತ್ತಾರೆ. ಆಗುಂಬೆಯ ಹೆಸರು ಕೇಳಿಲ್ಲ, ಪಾಪ. ಮುಂದಿನ ಊರು ಪೋರ್ಟ್ ಏಂಜಲಿಸ್. ಇಲ್ಲಿಂದ ಕೆನಡಾದ ವಿಕ್ಟೋರಿಯಾಕ್ಕೆ ಹೋಗುವ ಹಡಗಿನ ಹೆಸರು 'ಕೋಹೋ', ಒಂದು ಜಾತಿಯ ಸಾಲ್ಮನ್ ಮೀನಿನ ಹೆಸರು. ಊರಿನಿಂದ ಸ್ವಲ್ಪ ಪಶ್ಚಿಮಕ್ಕೆ ಎಲ್ವಾ ಸಮುದ್ರ ಸೇರುತ್ತದೆ.

ಸಾಲ್ಮನ್ ಎಂದೊಡನೆ ನಮ್ಮ ಕರಾವಳಿಯವರು ರಾವಸ್ ನೆನೆಯಬಹುದು. ಹೋಟೆಲಿನ ಮೆನುವಿನಲ್ಲಿ ಅದಕ್ಕೂ 'ಇಂಡಿಯನ್ ಸಾಲ್ಮನ್' ಎಂದೇ ಹೆಸರು. ಆದರೆ ಅದು ಬೇರೆಯೇ ಕುಲದ ಮೀನು. ಈ ಪೆಸಿಫಿಕ್ ಸಾಲ್ಮನ್ ಹುಟ್ಟುವುದು ತಣ್ಣನೆಯ ಹೊಳೆಯ ಜಲ್ಲಿಯಲ್ಲಿ. ಮರಿ ಹೊಳೆಯಲ್ಲಿಳಿದು ಸಮುದ್ರ ಸೇರಿ, ಕೆಲವು ವರ್ಷ ಅಲ್ಲಿ ಮೇದು ಕೊಬ್ಬಿ, ವಾಸನೆಯ ಜಾಡು ಹಿಡಿದು ಹುಟ್ಟಿದ ಹೊಳೆಗೇ ವಾಪಸು ಬರುತ್ತದೆ. ಊಟ ಬಿಟ್ಟು, ಪ್ರವಾಹಕ್ಕೆದುರಾಗಿ ಈಜಿ, ಜಲ್ಲಿ ಕೆದಕಿ ಮೊಟ್ಟೆಯಿಟ್ಟು ಸಾಯುತ್ತದೆ. ಸತ್ತ ಮೀನನ್ನು ಕರಡಿ, ಹದ್ದು, ನೀರುನಾಯಿಗಳು ಎಳೆದು ತಿಂದು ಉಳಿದದ್ದು ದಡದ ಮರಗಳಿಗೆ ಗೊಬ್ಬರ. ಎಂದರೆ ಸಮುದ್ರದ ಸಾರವನ್ನು ಬೆಟ್ಟಕ್ಕೆ ಹೊತ್ತು ತರುವ ಹಮಾಲಿ ಈ ಮೀನು. ಹೊಳೆಗೆ ಅಡ್ಡ ಗೋಡೆ ಬಿದ್ದರೆ ಹೊರೆ ಅಲ್ಲಿಗೇ ನಿಂತಿತು.

ಎಲ್ವಾದಲ್ಲಿ ಆ ಗೋಡೆ ಎದ್ದದ್ದು 1910ರಿಂದ 1913ರ ನಡುವೆ. ಥಾಮಸ್ ಆಲ್ಡ್‌ವೆಲ್ ಎಂಬ ಉದ್ಯಮಿ ಸಮುದ್ರದಿಂದ ಎಂಟೇ ಕಿಲೋಮೀಟರ್ ದೂರದಲ್ಲಿ 33 ಮೀಟರ್ ಎತ್ತರದ ಅಣೆ ಕಟ್ಟಿಸಿದ. ಮೀನು ಹತ್ತಲು ದಾರಿ ಬಿಡದೆ ಅಣೆ ಕಟ್ಟಕೂಡದೆಂಬ ಕಾನೂನು ರಾಜ್ಯದಲ್ಲಿ ಆಗಲೇ ಇತ್ತು. ಅದನ್ನು ದಾಟಲು ಒಂದು ಉಪಾಯ ಸಿಕ್ಕಿತು: ಮೀನಿನ ಏಣಿ ಬೇಡ, ಬದಲಿಗೆ ಮರಿ ಸಾಕುವ ಹ್ಯಾಚರಿ ಸಾಕು. ಹ್ಯಾಚರಿಯೇನೋ ಬಂತು, 1922ರಲ್ಲಿ ಅದನ್ನೂ ಕೈಬಿಟ್ಟರು. ಅಣೆಯ ಅಡಿಪಾಯ ಬಂಡೆಯ ಮೇಲೆ ಕೂತಿರಲಿಲ್ಲವಾಗಿ 1912ರ ಅಕ್ಟೋಬರ್ 31ರಂದು ಅಡಿಯಿಂದ ನೀರು ಸ್ಫೋಟಿಸಿ ಕೆಳಗಿನ ಕ್ಲಾಲಮ್ ಬುಡಕಟ್ಟಿನವರ ಮನೆಗಳತ್ತ ನುಗ್ಗಿತು. ತೂತು ಮುಚ್ಚಿ ಕಟ್ಟಡ ಮುಂದುವರಿಸಿದರು. 1927ರಲ್ಲಿ ಇನ್ನೂ ಮೇಲೆ, ಗ್ಲೈನ್ಸ್ ಕೊರಕಲಿನಲ್ಲಿ 64 ಮೀಟರ್ ಎತ್ತರದ ಎರಡನೇ ಅಣೆ. ಈ ಎರಡರ ವಿದ್ಯುತ್ತಿನಿಂದ ಪೋರ್ಟ್ ಏಂಜಲಿಸ್‌ನ ಕಾಗದದ ಗಿರಣಿ ನಡೆಯಿತು, ಊರು ಬೆಳೆಯಿತು. ವರ್ಷಕ್ಕೆ ನಾಲ್ಕು ಲಕ್ಷದಷ್ಟು ಮೀನು ಹತ್ತುತ್ತಿತ್ತೆಂದು ಅಂದಾಜಿಸಿರುವ ನದಿಯಲ್ಲಿ ಕೆಲವೇ ಸಾವಿರ ಉಳಿದವು, ಅದೂ ಕೆಳಗಿನ ಎಂಟು ಕಿಲೋಮೀಟರಿನಲ್ಲಿ. ಅಲ್ಲಿಯೂ ಸುಖವಿರಲಿಲ್ಲ. ಮೇಲಿನಿಂದ ಬರಬೇಕಾದ ಮರಳು, ಜಲ್ಲಿಯೆಲ್ಲ ಜಲಾಶಯಗಳಲ್ಲಿ ಕೂತಿತ್ತು. ದೊಡ್ಡ ಗುಂಡುಕಲ್ಲುಗಳ ನಡುವೆ ಮೀನು ಗೂಡು ಕೆದಕುವುದೆಲ್ಲಿ?

ಕ್ಲಾಲಮ್ ಜನ 1855ರಲ್ಲಿ ಅಮೆರಿಕ ಸರ್ಕಾರಕ್ಕೆ ನೆಲ ಬಿಟ್ಟುಕೊಟ್ಟಾಗ ತಮ್ಮ ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಒಪ್ಪಂದದಲ್ಲಿ ಉಳಿಸಿಕೊಂಡಿದ್ದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹೀಗೆ ಒಪ್ಪಂದ ಮಾಡಿಕೊಂಡ ವಾಷಿಂಗ್ಟನ್ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಎಂದು ತೀರ್ಪಿತ್ತರು. ಹಕ್ಕು ಕಾಗದದ ಮೇಲಿತ್ತು. ಮೀನೇ ಇಲ್ಲದ ನದಿಯಲ್ಲಿ ಅರ್ಧವೆಂದರೆಷ್ಟು? ದಶಕಗಳ ಹೋರಾಟದ ಬಳಿಕ 1992ರಲ್ಲಿ ಎಲ್ವಾ ಪುನಶ್ಚೇತನಕ್ಕಾಗಿ ಕಾಂಗ್ರೆಸ್ ಕಾನೂನು ಮಾಡಿತು. 2000ದಲ್ಲಿ ಸರ್ಕಾರ ಎರಡೂ ಅಣೆಗಳನ್ನು ಕೊಂಡಿತು. 2011ರ ಸೆಪ್ಟೆಂಬರಿನಲ್ಲಿ ಒಡೆಯಲು ತೊಡಗಿ, ಕೆಳಗಿನದನ್ನು 2012ರ ಮಾರ್ಚಿಗೂ ಮೇಲಿನದರ ಕೊನೆಯ ತುಂಡನ್ನು 2014ರ ಆಗಸ್ಟಿಗೂ ಮುಗಿಸಿದರು. ಒಟ್ಟು ಖರ್ಚು ಸುಮಾರು 32 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಹೋದದ್ದು ಒಡೆಯುವುದಕ್ಕಲ್ಲ, ಕೆಸರು ನೀರನ್ನು ಶುದ್ಧಮಾಡಿ ಊರಿಗೆ ಕೊಡುವ ಸ್ಥಾವರಗಳಿಗೆ. ಎರಡು ಕೋಟಿ ಘನ ಮೀಟರಿಗೂ ಹೆಚ್ಚು ಹೂಳು ಹಿಂದೆ ಕೂತಿತ್ತಲ್ಲ!

ಮ್ಯಾಡಿಸನ್ ಜಲಪಾತದ ಹತ್ತಿರ ಕಾರು ಬಿಡಬೇಕು. ಅಲ್ಲಿಂದ ಮುಂದಿನ ಡಾಂಬರು ರಸ್ತೆಯನ್ನು ಬಿಡುಗಡೆಗೊಂಡ ನದಿ ಕೊಚ್ಚಿಕೊಂಡು ಹೋಗಿದೆ. ಜೊತೆಗೆ ಎರಡು ಬಿಡಾರದ ಜಾಗಗಳನ್ನೂ. ಹಗ್ಗ ಬಿಚ್ಚಿದ ಹೋರಿ ಮೊದಲು ಹಿತ್ತಲನ್ನೇ ತುಳಿಯುತ್ತದೆ. ಕಾಡಿನ ಬಳಸುದಾರಿ ಹಿಡಿದು ಏರಿದರೆ ಗ್ಲೈನ್ಸ್ ಕೊರಕಲು. ಅಣೆಯ ಕೋಡಿಗಟ್ಟೆಯ ಒಂದಿಷ್ಟು ಕಾಂಕ್ರೀಟನ್ನು ಹಾಗೇ ಉಳಿಸಿ ವೀಕ್ಷಣಾ ಕಟ್ಟೆ ಮಾಡಿದ್ದಾರೆ. ಕಟಕಟೆಗೆ ಒರಗಿ ಬಗ್ಗಿದೆವು. ಬಹಳ ಕೆಳಗೆ, ಎರಡು ಬಂಡೆಗೋಡೆಗಳ ನಡುವೆ, ಹಸಿರು ಬೆರೆತ ನೀಲಿ ನೀರು ಇಕ್ಕಟ್ಟಿನಲ್ಲಿ ನುಗ್ಗುತ್ತಿತ್ತು.

"ನೋಡೋಕೆ ಏನೂ ಇಲ್ಲ ಅಂತ ಮೊದಲೇ ಹೇಳಿದ್ದೆ ಮಾವ" ಎಂದ ನಮ್ಮ ಹುಡುಗ.

ಮೇಲ್ಭಾಗಕ್ಕೆ ತಿರುಗಿದರೆ ಮಿಲ್ಸ್ ಸರೋವರವಿದ್ದ ಕಣಿವೆ. 1927ಕ್ಕೆ ಮೊದಲು ಕಡಿದ ದೈತ್ಯ ಮರಗಳ ಬುಡಗಳು ಎಂಬತ್ತಕ್ಕೂ ಹೆಚ್ಚು ವರ್ಷ ನೀರಿನಡಿ ಕೊಳೆಯದೆ ಉಳಿದು ಈಗ ಬಿಸಿಲು ಕಾಣುತ್ತಿವೆ. ಸುತ್ತ ಆಲ್ಡರ್, ವಿಲೋ, ಕಾಟನ್‌ವುಡ್ ಮರಗಳು ಎದ್ದು ನಿಂತಿವೆ. ಕೆಲವು ತಾವೇ ಬಂದವು, ಕೆಲವು ಉದ್ಯಾನದವರೂ ಬುಡಕಟ್ಟಿನವರೂ ನೆಟ್ಟ ಲಕ್ಷಾಂತರ ಗಿಡಗಳ ಪೈಕಿ. ಕೆಳಗಿನ ಆಲ್ಡ್‌ವೆಲ್ ಸರೋವರ ಬತ್ತಿದಾಗಲಂತೂ ಕ್ಲಾಲಮ್ ಜನರ ಸೃಷ್ಟಿಕಥೆಯ ಶಿಲೆಯೇ ನೀರಿನಿಂದ ಹೊರಬಂತು. ತಾತಂದಿರ ಬಾಯಲ್ಲಿ ಕೇಳಿದ್ದ ಜಾಗವನ್ನು ಮೊಮ್ಮಕ್ಕಳು ಮುಟ್ಟಿ ನೋಡಿದರು. ನದೀಮುಖದಲ್ಲೂ ಹೂಳು ಹರಡಿ ಹೊಸ ಕಡಲದಂಡೆ, ಹೊಸ ಜೌಗು ಹುಟ್ಟಿದೆ.

ನದಿ ವಾಪಸು ಬಂತು ಎನ್ನಲು ಅಡ್ಡಿಯಿಲ್ಲ. ಮೀನು ವಾಪಸು ಬಂತೇ ಎಂಬುದು ಬೇರೆ ಪ್ರಶ್ನೆ. ನಾವು ಇಷ್ಟು ದೂರ ಬಂದದ್ದು ಆ ಪ್ರಶ್ನೆಗಾಗಿ.

2014ರ ಸೆಪ್ಟೆಂಬರಿನಲ್ಲೇ, ಕೊನೆಯ ಸ್ಫೋಟದ ಬೆನ್ನಿಗೇ, ಚಿನೂಕ್ ಸಾಲ್ಮನ್‌ಗಳು ಗ್ಲೈನ್ಸ್ ಕೊರಕಲಿನ ಮೇಲೆ ಕಾಣಿಸಿದವು. ಬಿದ್ದ ಬಂಡೆಗಳು ದಾರಿ ಕಟ್ಟಿದ್ದಲ್ಲಿ ಸಿಡಿಸಿ ಬಿಡಿಸಬೇಕಾಯಿತು. ಇಂದು ನದಿಯ ಕೆಳಭಾಗದಲ್ಲಿ ಸೋನಾರ್ ಯಂತ್ರವಿಟ್ಟು, ಕದಡಿದ ನೀರಿನಲ್ಲೂ ಮೀನಿನ ನೆರಳು ಹಿಡಿದು ಎಣಿಸುತ್ತಾರೆ. ಚಿನೂಕ್ ಸಾವಿರಗಳ ಲೆಕ್ಕದಲ್ಲಿ ಬರುತ್ತಿದೆ. ಆದರೆ ಸತ್ತ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಗುಟ್ಟು ಹೊರಬೀಳುತ್ತದೆ. ಹ್ಯಾಚರಿಯಲ್ಲಿ ನೀರಿನ ಉಷ್ಣತೆ ಏರಿಳಿಸಿ ಮರಿಗಳ ಆ ಕಲ್ಲಿನಲ್ಲಿ ಗೆರೆ ಮೂಡಿಸಿರುತ್ತಾರೆ. ಬಂದ ಚಿನೂಕ್‌ಗಳ ಪೈಕಿ ಬಹುಪಾಲಿನವಕ್ಕೆ ಆ ಗೆರೆಯಿದೆ. ಎಂದರೆ ಬೆಟ್ಟದ ಜಲ್ಲಿಯಲ್ಲಲ್ಲ, ತೊಟ್ಟಿಯಲ್ಲಿ ಹುಟ್ಟಿದ ಮೀನು.

ಜಗಳ ಇಲ್ಲಿಯೇ. ಹ್ಯಾಚರಿ ಇಲ್ಲದಿದ್ದರೆ ಅಣೆ ಒಡೆದ ವರ್ಷಗಳ ಕೆಸರಿನಲ್ಲಿ ಅಳಿದುಳಿದ ತಳಿಯೇ ನಾಶವಾಗುತ್ತಿತ್ತು ಎಂದು ಬುಡಕಟ್ಟಿನವರ, ಸರ್ಕಾರಿ ತಜ್ಞರ ವಾದ. ತೊಟ್ಟಿಯಲ್ಲಿ ಮೇವು ತಿಂದು ಬೆಳೆದ ಪೀಳಿಗೆ ಕಾಡುಮೀನಿನ ಜೊತೆ ಬೆರೆತರೆ ಹೊಳೆಯಲ್ಲಿ ಬದುಕುವ ಚಾತುರ್ಯವೇ ಕರಗುತ್ತದೆ ಎಂದು ಕಾಡುಮೀನಿನ ಪರವಾದ ಸಂಘಗಳು 2012ರಲ್ಲಿ ನ್ಯಾಯಾಲಯಕ್ಕೂ ಹೋದವು. ಯೋಜನೆಯಲ್ಲಿ ನಾಲ್ಕು ಹಂತಗಳಿವೆ: ಇದ್ದ ತಳಿಯನ್ನು ಕಾಪಾಡುವುದು, ಮೇಲಿನ ಹೊಳೆಗಳಲ್ಲಿ ಮತ್ತೆ ನೆಲೆಯೂರಿಸುವುದು, ಅಲ್ಲಿಗೆ ಹೊಂದಿಕೊಳ್ಳಲು ಬಿಡುವುದು, ಕೊನೆಗೆ ಸ್ವಂತ ಕಾಲ ಮೇಲೆ ನಿಲ್ಲುವುದು. ಹಂತ ಏರಿದಂತೆ ಹ್ಯಾಚರಿ ಹಿಂದೆ ಸರಿಯಬೇಕು. ನನಗನಿಸುವಂತೆ ಮೊದಲ ವರ್ಷಗಳಲ್ಲಿ ಅದು ಬೇಕಿತ್ತು. ಆದರೆ ಊರುಗೋಲನ್ನು ಎಂದು ಬಿಡುತ್ತೇವೆಂದು ಮೊದಲೇ ಗಟ್ಟಿಯಾಗಿ ಹೇಳದಿದ್ದರೆ ಅದನ್ನು ಬಿಡಿಸುವುದು ಕಷ್ಟ. 1913ರಲ್ಲಿ ಕಾನೂನು ತಪ್ಪಿಸಲು ನೆಪವಾದದ್ದೂ ಹ್ಯಾಚರಿಯೇ ಎಂಬುದನ್ನು ಮರೆಯಬಾರದು.

ಯಾರೂ ಸಾಕದೆಯೇ ಬಂದ ಮೀನಿನ ಕಥೆ ಇನ್ನೂ ಸ್ವಾರಸ್ಯದ್ದು. ಸ್ಟೀಲ್‌ಹೆಡ್ ಎಂಬ ಸಮುದ್ರಕ್ಕೆ ಹೋಗಿಬರುವ ಮೀನೂ ರೇನ್‌ಬೋ ಟ್ರೌಟ್ ಎಂಬ ಹೊಳೆಯಲ್ಲೇ ಉಳಿಯುವ ಮೀನೂ ಒಂದೇ ಜಾತಿ. ಅಣೆ ಕಟ್ಟಿದಾಗ ಮೇಲೆ ಸಿಕ್ಕಿಬಿದ್ದ ಟ್ರೌಟ್‌ಗಳು ಒಂದು ಶತಮಾನ ಸಮುದ್ರ ಕಾಣಲಿಲ್ಲ. ಗೋಡೆ ಬಿದ್ದದ್ದೇ ತಡ, ಅವುಗಳ ಪೀಳಿಗೆ ಕೆಳಗಿಳಿದು, ಉಪ್ಪುನೀರು ಕುಡಿದು, ಬೇಸಿಗೆಯ ಸ್ಟೀಲ್‌ಹೆಡ್ ಆಗಿ ನೂರಾರು ಸಂಖ್ಯೆಯಲ್ಲಿ ಏರಿ ಬರತೊಡಗಿತು. ಈ ನದಿಯಲ್ಲಿ ಬಹುತೇಕ ಅಳಿದೇಹೋಗಿತ್ತೆಂದು ನಂಬಿದ್ದ ಮೀನದು. ರಕ್ತದಲ್ಲಿ ಕಡಲಿನ ನೆನಪು ಮಾಸಿರಲಿಲ್ಲ. ಹಾವುಮೀನಿನಂಥ ಲ್ಯಾಂಪ್ರೇ ಕೂಡ ತಾನಾಗಿಯೇ ಮೇಲೇರಿದೆ. ಪಿಂಕ್ ಸಾಲ್ಮನ್ ಮಾತ್ರ ಇನ್ನೂ ಚೇತರಿಸಿಲ್ಲ.

ಹ್ಯಾಚರಿಯ ಈ ಪೇಚು ನಮಗೂ ಹೊರತಲ್ಲ. ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಇತ್ತು; ಬೇರೆಲ್ಲೂ ಇಲ್ಲದ್ದು. 1970ರ ದಶಕದ ಕೊನೆಯಿಂದ ಮಹಶೀರ್ ಸಂತತಿ ಹೆಚ್ಚಲೆಂದು ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮರಿಗಳನ್ನು ಸದುದ್ದೇಶದಿಂದಲೇ ಅದೇ ನದಿಗೆ ಬಿಟ್ಟರು. ಅವು ಹೆಚ್ಚಿದವು, ಗೂನುಬೆನ್ನಿನದು ಕುಸಿಯಿತು. ಅದಕ್ಕೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ತೀರಾ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.

ಎಲ್ವಾದಲ್ಲಿ ಅಣೆ ಒಡೆಯಲು ತೊಡಗಿದಾಗ ಮೀನು ಹಿಡಿಯುವುದನ್ನು ನಿಲ್ಲಿಸಲಾಯಿತು. ಬುಡಕಟ್ಟಿನವರೂ ಒಪ್ಪಂದದ ಹಕ್ಕಿದ್ದೂ ಬಲೆ ಎತ್ತಿಟ್ಟರು. ಐದು ವರ್ಷವೆಂದು ಅಂದುಕೊಂಡದ್ದು ಮತ್ತೆ ಮತ್ತೆ ಮುಂದೆ ಹೋಗಿ ಹನ್ನೆರಡು ವರ್ಷವಾಯಿತು. ಕೊನೆಗೆ 2023ರ ಅಕ್ಟೋಬರಿನಲ್ಲಿ ಬುಡಕಟ್ಟಿನವರಿಗೆ ಮಾತ್ರ, ಹಬ್ಬಕ್ಕೂ ಊಟಕ್ಕೂ ಎಂದು, 400 ಕೋಹೋಗಳ ಮಿತಿಯಲ್ಲಿ ಅನುಮತಿ ಸಿಕ್ಕಿತು. ಸ್ವತಂತ್ರವಾಗಿ ಹರಿಯುವ ಎಲ್ವಾದಲ್ಲಿ ಮೊದಲ ಬಾರಿಗೆ ಗಾಳ ಹಾಕಿದ ಹುಡುಗರಿದ್ದರು, ಅವರಿಗೆ ಮೀನು ಶುಚಿ ಮಾಡುವುದನ್ನು ತೋರಿಸುವ ಹಿರಿಯರಿದ್ದರು.

ಎರಡೇ ವರ್ಷಕ್ಕೆ, 2025ರ ಜುಲೈ 18ರಂದು, ಎಲ್ವಾದ ಉಪನದಿ ಇಂಡಿಯನ್ ಕ್ರೀಕ್‌ಗೆ ಪೆಟ್ರೋಲು-ಡೀಸೆಲ್ ತುಂಬಿದ ಟ್ಯಾಂಕರ್ ಲಾರಿ ಹೆದ್ದಾರಿಯಿಂದ ಉರುಳಿಬಿತ್ತು. ಸತ್ತು ತೇಲಿದ ಸಾವಿರಾರು ಮೀನುಗಳಲ್ಲಿ ಹೆಚ್ಚಿನವು ಕೋಹೋ ಮರಿಗಳು. ಮಕ್ಕಳು ಗಾಳ ಹಾಕಿದ್ದ ಮೀನಿನದೇ ಮುಂದಿನ ಪೀಳಿಗೆ. ಈ ಮಧ್ಯೆ ಒಲಿಂಪಿಕ್ ಪರ್ವತಗಳ ಹಿಮನದಿಗಳು ಕರಗುತ್ತಿವೆ. 2070ರ ಹೊತ್ತಿಗೆ ಬಹುತೇಕ ಇರಲಾರವೆಂದು ವಿಜ್ಞಾನಿಗಳ ಲೆಕ್ಕ. ಬೇಸಿಗೆಯಲ್ಲಿ ಹೊಳೆಗೆ ತಂಪು ನೀರು ಕೊಡುವುದು ಅವೇ.

ನೋಡಬಯಸುವವರು ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವೆ ಹೋಗಬೇಕು. ಚಿನೂಕ್ ಗೂಡು ಕೆದಕುವ ಕಾಲ ಅದು. ಸಿಯಾಟಲ್‌ನಿಂದ ಫೆರ್ರಿಯೂ ಸೇರಿ ಮೂರು ಗಂಟೆಯ ಹಾದಿ, ತಂಗಲು ಪೋರ್ಟ್ ಏಂಜಲಿಸ್ ಅನುಕೂಲ. ನಡೆಯಲು ಗಟ್ಟಿ ಬೂಟು, ಮಳೆಗೊಂದು ಕೋಟು ಇರಲಿ. ದಾರಿಯಲ್ಲಿ ಚಹಾ ಸಿಗುವುದಿಲ್ಲ, ಫ್ಲಾಸ್ಕಿನಲ್ಲಿ ಒಯ್ಯಿರಿ. ಜಲ್ಲಿಯ ದಿಬ್ಬಗಳ ಮೇಲೆ ಮಾತ್ರ ಕಾಲಿಡಬೇಡಿ. ಗೂಡು ಎಲ್ಲಿದೆಯೋ ಹೊಸಬರಿಗೆ ತಿಳಿಯುವುದಿಲ್ಲ.