ಚೆಂಡಿನ ಹಿಂದೆ ಓಡುವ ಹುಡುಗಿ

ಕಾಣಕೋಣಕ್ಕೆ ಫುಟ್‌ಬಾಲ್ ಹೊಸದಲ್ಲ. ಆದರೆ ನಮ್ಮ ಕನ್ನಡ ಮನೆಗಳಲ್ಲಿ ಅದಿನ್ನೂ ಗಂಡುಮಕ್ಕಳ ಆಟ. ಗುರಿಂದರ್ ಚಡ್ಡಾ ಅವರ ‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’ (2002) ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು, ಹೊಟ್ಟೆ ತುಂಬ ನಕ್ಕೆವು. ಲಂಡನ್ನಿನ ಪಂಜಾಬಿ ಹುಡುಗಿ ಜೆಸ್‌ಗೆ ಚೆಂಡಿನ ಹುಚ್ಚು. ತಾಯಿಗೆ ಮಗಳು ಅಡುಗೆ ಕಲಿಯಲಿಲ್ಲವೆಂಬ ಕೊರಗು. “ಇದು ನಮ್ಮ ಮನೆಯದೇ ಕಥೆ” ಎಂದಳು ನನ್ನವಳು.

ನನಗೆ ನಾಟಿದ್ದು ಅನುಪಮ್ ಖೇರ್ ಅಭಿನಯಿಸಿದ ತಂದೆ. ನೈರೋಬಿಯಲ್ಲಿ ವೇಗದ ಬೌಲರ್ ಆಗಿದ್ದವನನ್ನು ಇಂಗ್ಲೆಂಡಿನ ಕ್ಲಬ್ಬಿನವರು ಪೇಟ ಕಂಡು ನಕ್ಕು ಕಳಿಸಿದ್ದರು. ಮಗಳಿಗೆ ಆ ನೋವು ಬೇಡವೆಂದೇ ಅವನ ತಡೆ. ಕೊನೆಗೆ ಹಿರಿಮಗಳ ಮದುವೆಯ ದಿನವೇ ಕಿರಿಯಳನ್ನು ಆಡಲು ಕಳಿಸುತ್ತಾನೆ.

ಪರನಾಡಿನಲ್ಲಿ ನೆಲೆಸಿದ ನಾವು ಮಕ್ಕಳ ಕಾಲಿಗೆ ಕಟ್ಟುವುದು ಬಹಳ ಸಲ ನಮ್ಮ ಹಳೆಯ ಅವಮಾನಗಳನ್ನೇ. ಎಂಟನೆಯ ತರಗತಿಯ ನನ್ನ ಮಗಳು ಬೂಟು ಕೇಳಿದ್ದಾಳೆ. ಈ ತಿಂಗಳ ಸಂಬಳದಲ್ಲೇ ಕೊಡಿಸುತ್ತೇನೆ.