ಸಂತೆ ದಿನದ ಗುಳಿಗೆ

ನಮ್ಮ ಅವ್ವ ರೊಟ್ಟಿ ಬಡಿಯುವುದು ಬಿಟ್ಟಿದ್ದು ಯಾವಾಗ ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಊರೂರು ತಿರುಗಿ ಸುದ್ದಿ ಬರೆಯುವ ನಮಗೇ ಮನೆಯ ಸುದ್ದಿ ಗೊತ್ತಾಗಲಿಲ್ಲ.

ಬೆಳಗ್ಗೆ ಎದ್ದರೆ ಅವ್ವನಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ಸಡಿಲ. ‘ವಯಸ್ಸಾತು, ವಾಯು ಹಿಡದೈತಿ ಬಿಡ್ರಪ’ ಎಂದಳು. 2006ರಲ್ಲಿ ಚಿಕುನ್‌ಗುನ್ಯ ಬಂದಿತ್ತಲ್ಲ, ಆಗಿನ ನೋವೇ ಉಳಿದಿರಬೇಕು ಎಂದರು ಅಪ್ಪ. ನಾವು ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ಕೊಟ್ಟೆವು.

ಎರಡೂ ಮಣಿಕಟ್ಟು ಊದಿ, ಮುಟ್ಟಿದರೆ ಬಿಸಿಯಾದಾಗ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದೆವು. ಡಾಕ್ಟರ್ ಬೆರಳಿನ ಗೆಣ್ಣು ಒಂದೊಂದಾಗಿ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: ಇದು ಸವೆತದ ನೋವಲ್ಲ, ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ಸವೆತದ ನೋವು ಓಡಾಡಿದಷ್ಟೂ ಹೆಚ್ಚು. ಇದು ಮಲಗಿ ಎದ್ದಾಗ ಹೆಚ್ಚು. ಹಾಗೇ ಬಿಟ್ಟರೆ ಮೂಳೆ ಸವೆದು ಬೆರಳು ಸೊಟ್ಟಗಾಗುತ್ತವೆ. ಬರೀ ನೋವಿನ ಗುಳಿಗೆ ರೋಗ ತಡೆಯುವುದಿಲ್ಲ. ವಯಸ್ಸಾದವರ ಹೊಟ್ಟೆ, ಕಿಡ್ನಿಗೆ ತೊಂದರೆಯನ್ನೂ ಮಾಡಬಹುದು.

ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೆ ಒಂದೇ ದಿನ ಎಂದರು. ಬಸ್ಸಿನ ಗಡಿಬಿಡಿಯಲ್ಲಿ ಅರ್ಧ ಕೇಳಿಸಿಕೊಂಡೆವು. ಬಿಪಿ ಗುಳಿಗೆಯ ಜೊತೆ ದಿನಾ ಒಂದರಂತೆ ನಾಲ್ಕು ದಿನ ಕೊಟ್ಟೆವು. ಐದನೇ ದಿನ ಬಾಯಿ ತುಂಬ ಹುಣ್ಣು, ಅನ್ನ ನುಂಗಲು ಆಗಲಿಲ್ಲ. ಫೋನ್ ಮಾಡಿದರೆ ಡಾಕ್ಟರ್, ‘ಗುಳಿಗೆ ನಿಲ್ಲಿಸಿ, ಈಗಲೇ ಕರಕೊಂಡು ಬನ್ನಿ’ ಎಂದರು. ರಕ್ತದ ಕಣಗಳು ಇಳಿದಿದ್ದವು. ದಿನಾ ನುಂಗಿದರೆ ಜೀವಕ್ಕೇ ಅಪಾಯವಂತೆ. ಒಂದು ಸುದ್ದಿಗೆ ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವವರು ನಾವು; ಅವ್ವನ ಚೀಟಿಯನ್ನು ಒಮ್ಮೆಯೂ ಸರಿಯಾಗಿ ಓದಿರಲಿಲ್ಲ. ಆ ರಾತ್ರಿ ವಾರ್ಡಿನ ಹೊರಗೆ ಕೂತು ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವ್ವ ಉಳಿದಳು. ಚೇತರಿಸಿಕೊಂಡ ಮೇಲೆ ಡಾಕ್ಟರ್ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಈಗ ನಮ್ಮೂರ ಸಂತೆಯ ದಿನ, ಮಂಗಳವಾರ ಮಾತ್ರ ಆ ಗುಳಿಗೆ. ಸಂತೆ ಮರೆಯುವವರು ಊರಲ್ಲಿ ಯಾರೂ ಇಲ್ಲ. ಡಾಕ್ಟರ್ ಹೇಳಿದ ಬೇರೆ ದಿನ ಫೋಲಿಕ್ ಆಸಿಡ್, ಹೇಳಿದಾಗಲೆಲ್ಲ ರಕ್ತ ಪರೀಕ್ಷೆ.

ಸೊಟ್ಟಗಾದ ಎರಡು ಬೆರಳು ನೆಟ್ಟಗಾಗಲಿಲ್ಲ. ಆದರೂ ಮೊನ್ನೆ ಅವ್ವ ಎರಡು ರೊಟ್ಟಿ ಬಡಿದಳು. ಅಂಚು ಹರಿದಿತ್ತು, ನಾವು ಹಂಚಿಕೊಂಡು ತಿಂದೆವು.

ನಿಮ್ಮ ಮನೆಯ ಹಿರಿಯರಿಗೂ ಬೆಳಗ್ಗೆ ಅರ್ಧ ಗಂಟೆ ಮೀರಿ ಕೈ ಬಿಗಿದುಕೊಳ್ಳುತ್ತಿದ್ದರೆ, ಕೀಲು ಊದಿದ್ದರೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಚೀಟಿಯನ್ನು ಎರಡು ಸಲ ಓದಿ.