ಒಂಬತ್ತು ಗಂಟು, ಒಂದ ಪ್ರಶ್ನೆ

ಮೊದಲ ಸುದ್ದಿ ಹೇಳಿಬಿಡ್ತೇನ್ರಿ. ನೀವು ಕೊಟ್ಟ ಒಂಬತ್ತು ಗಂಟೂ ಬೆಂಗಳೂರಿನಾಗ ನಿಮ್ಮ ನಿಮ್ಮ ಮಕ್ಕಳ ಕೈ ಸೇರ್ಯಾವ. ಎರಡು ಗಂಟಿನಾಗ ರೊಟ್ಟಿ ಮುರದಾವ, ಅದೂ ರೈಲು ಇಳಿಯೋ ನೂಕಾಟದಾಗ. ಉಳಿದದ್ದೆಲ್ಲಾ ಸುರಕ್ಷಿತ. ದೊಡ್ಡವ್ವ ಕೊಟ್ಟ ಗುರೆಳ್ಳ ಚಟ್ನಿ ಡಬ್ಬಿ ಎರಡ ದಿನದಾಗ ಖಾಲಿ ಆಗೇತಂತ.

ಹೊಸದಾಗಿ ಓದೋ ವೈನಿಯವರಿಗೆ ಒಂದ ಮಾತು. ನಾನು ನಮ್ಮ ಬೆಟಗೇರಿ ಚರ್ಚಿನಾಗ ಯೂತ್ ಕೆಲಸಾ ನೋಡಕೊಳ್ಳಾಕಿ. ಐತವಾರ ಹುಡುಗ್ರಿಗೆ ಹಾಡು, ಸತ್ಯವೇದ ಪಾಠ, ಮೇ ತಿಂಗಳಾಗ ರಜಾ ಶಾಲೆ, ಕ್ರಿಸ್ಮಸ್ಸಿಗೆ ನಾಟಕ. ಆದ್ರ ಹುಡುಗ್ರು ಪಿಯುಸಿ, ಡಿಗ್ರಿ ಮುಗಿಸಿದ ಕೂಡ್ಲೆ ಊರು ಬಿಡ್ತಾರ. ಹಿಂದಿನ ಬೆಂಚು ಖಾಲಿ ಆಗ್ತಾವ. ಅದಕ್ಕ ವರ್ಷಕ್ಕ ಎರಡ ಸಲ ನಾನ ಅವರಿದ್ದಲ್ಲಿ ಹೋಗಿಬರ್ತೇನಿ. ಹೋಗೋ ಸುದ್ದಿ ಓಣಿಯಾಗ ಹಬ್ಬಿದ್ರ ಸಾಕು, ಸಂಜೀತನಕ ಮನಿ ತುಂಬ ಗಂಟು.

ಈ ಸಲ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಾಗ ಗದಗಿನಿಂದ ಹೊಂಟೆ. ನನ್ನ ಬಟ್ಟಿ ಒಂದ ಸಣ್ಣ ಚೀಲ, ನಿಮ್ಮ ಗಂಟು ಮೂರು ದೊಡ್ಡ ಚೀಲ. ಎದುರಿನ ಸೀಟಿನ ಮುದುಕಿ ನೋಡಿ, "ಏನವ್ವಾ, ಖಾನಾವಳಿ ತಗದೀಯೇನು?" ಅಂತ ಕೇಳಿದ್ಲು. ಶೇಂಗಾ ಹೋಳಿಗಿ ವಾಸನಿ ಬೋಗಿ ತುಂಬ ಹರಡಿತ್ತು.

ಗಂಟು ಕೊಡುವಾಗ ನೀವೆಲ್ಲಾರೂ ನನ್ನ ಕಿವಿಯಾಗ ಹೇಳಿದ್ದು ಒಂದ ಮಾತು: "ಚರ್ಚಿಗೆ ಹೋಗ್ತಾನೋ ಇಲ್ಲೋ ಕೇಳವಾ. ಪ್ರಾರ್ಥನಾ ಮಾಡ್ತಾಳೋ ಇಲ್ಲೋ ನೋಡವಾ." ಒಂಬತ್ತು ಮನಿ, ಒಂದ ಪ್ರಶ್ನೆ. ಅದರ ಉತ್ತರಾನ ಈಗ ಬರೀಲಿಕತ್ತೇನಿ.

ಮೊದಲು ನಮ್ಮ ನರ್ಸ್ ಹುಡುಗಿ ಕಡೆ ಹೋದೆ. ರಾತ್ರಿ ಡ್ಯೂಟಿ ಮುಗಿಸಿ ಮುಂಜಾನೆ ಬಂದಿದ್ಲು, ಕಾಲು ಬಾತಿದ್ವು. ಪಿಜಿ ಕ್ವಾಣಿಯಾಗ ನಾಕು ಮಂಚ, ನಡುವ ನಿಲ್ಲಾಕ ಜಾಗಾ ಇಲ್ಲ. ಗಂಟು ಬಿಚ್ಚಿದ ಕೂಡ್ಲೆ ಕೇರಳದಾಕಿ, ಆಂಧ್ರದಾಕಿ, ಮಣಿಪುರದಾಕಿ ಮೂವರೂ ಎದ್ದು ಬಂದ್ರು. ಕಡಕ್ ರೊಟ್ಟಿ ಹಪ್ಪಳ ಅಂದಕೊಂಡು ಮುರದು ತಿಂದ್ರು. ಆಕಿ ನಕ್ಕೋತ ಅವರಿಗೆ ಶೇಂಗಾ ಚಟ್ನಿಗೆ ಮೊಸರು ಕಲಸಿ ತಿನ್ನೋದು ಕಲಿಸಿದ್ಲು. "ಅಕ್ಕಾ, ಐತವಾರ ಡ್ಯೂಟಿ ಬಿದ್ದರ ಚರ್ಚ್ ತಪ್ಪತೈತಿ. ವಾರ್ಡಿನಾಗ ಪೇಷಂಟ್ ಕೈ ಹಿಡಕೊಂಡಾಗ ಮನಸಿನಾಗ ಪ್ರಾರ್ಥನಾ ಮಾಡ್ತೇನಿ, ನಡೀತದೇನು?" ಅಂದ್ಲು. ನಡೀತೈತಿ ಅಂದೆ. ಇದಕ್ಕ ಅಯ್ಯನವರನ್ನ ಕೇಳೋ ಗರಜ ಇರಲಿಲ್ಲ.

ಇನ್ನೊಬ್ಬ ಹುಡುಗ ಫೋನ್ ಎತ್ತಲಿಲ್ಲ. ಅಂವನ ಗೆಳ್ಯಾನ್ನ ಕೇಳಕೋತ ರೂಮ್ ಹುಡುಕಿ ಹೋದೆ. (ಈ ಸಂಗತಿ ಬರೀರಿ ಅಂತ ಅಂವನ ಹೇಳ್ಯಾನ, ಮನ್ಯಾಗೂ ಈಗ ಗೊತ್ತೈತಿ. ಉಳಿದ ಅವ್ವಂದಿರು ಎದಿ ಹೊಡಕೋಬ್ಯಾಡ್ರಿ.) ಎರಡ ತಿಂಗಳಿಂದ ಕೆಲಸಾ ಇಲ್ಲ. ಮನಿಗೆ ಹೇಳಿಲ್ಲ. ಚರ್ಚಿಗೆ ಹೋದ್ರ ಮಂದಿ ಎಲ್ಲಿ ಕೆಲಸಾ ಅಂತ ಕೇಳ್ತಾರ, ಅದಕ್ಕ ಹೋಗೂದು ಬಿಟ್ಟಾನ. ಐತವಾರ ಮಧ್ಯಾಹ್ನ ಅವ್ವನ ಫೋನ್ ಬರ್ತದ, ಮೊದಲ ಮಾತ "ಚರ್ಚಿಗೆ ಹೋಗಿದ್ದಿ?" ಹೋಗಿದ್ದೆ ಅಂತ ನಾಕು ವಾರ ಸುಳ್ಳ ಹೇಳ್ಯಾನ. ಐದನೇ ವಾರದಿಂದ ಫೋನ್ ಎತ್ತೂದ ಬಿಟ್ಟಾನ.

ನಾ ಉಪದೇಶ ಮಾಡಲಿಲ್ಲ. ಗಂಟು ಬಿಚ್ಚಿ ಇಬ್ಬರೂ ನೆಲದ ಮ್ಯಾಲ ಕುಂತು ರೊಟ್ಟಿ ತಿಂದ್ವಿ. ಮೂರು ರೊಟ್ಟಿ ತಿಂದ ಮ್ಯಾಲ ಅಂವ ಅತ್ತ. ಆಮ್ಯಾಲ ತಾನ ಫೋನ್ ಹಚ್ಚಿದ, ಎಲ್ಲಾ ಹೇಳಿದ. ಆ ಕಡೆ ಬಾಳೊತ್ತು ಮಾತ ಇರಲಿಲ್ಲ. ಕಡೀಕ ಅವ್ವ ಕೇಳಿದ್ಲಂತ, "ರೊಟ್ಟಿ ಮೆತ್ತಗಾಗ್ಯಾವೇನೋ? ಹೊಟ್ಟಿ ತುಂಬ ತಿಂದೀ?"

ರೊಟ್ಟಿ ಅಂದಾಗ ನನಗ ಐದು ರೊಟ್ಟಿ ಎರಡು ಮೀನಿನ ಕಥಿ ನೆನಪಾಗ್ತದ. ನಾಕೂ ಸುವಾರ್ತೆಯಾಗ ಈ ಕಥಿ ಐತಿ, ಆದ್ರ ಆ ರೊಟ್ಟಿ ಒಬ್ಬ ಹುಡುಗನ ಕಡೆ ಇದ್ವು ಅಂತ ಹೇಳಾಂವ ಯೋಹಾನ ಒಬ್ಬನ. ಜವೆಗೋಧಿ ರೊಟ್ಟಿ, ಅಂದ್ರ ಬಡವರ ರೊಟ್ಟಿ. ನಮ್ಮ ಕಡೆ ಹುಡುಗ್ರು ಸಂಡೇ ಸ್ಕೂಲಿನಾಗ ಅದರ ಚಿತ್ರ ತಗದ್ರ ಜ್ವಾಳದ ರೊಟ್ಟೀನ ತಗೀತಾರ, ದುಂಡಗ, ದೊಡ್ಡದು. ಆ ಬುತ್ತಿ ಕಟ್ಟಿದವರು ಯಾರು ಅಂತ ಎಲ್ಲೂ ಬರದಿಲ್ಲ. ನನಗನಸೂದು, ನಸಕಿನಾಗ ಎದ್ದು ಒಲಿ ಹಚ್ಚಿದ ಒಬ್ಬಾಕಿ ಇರಬೇಕು. ಮಗ ಅದನ್ನ ಯಾರಿಗೆ ಕೊಡ್ತಾನ, ಎಷ್ಟು ಮಂದಿ ಹೊಟ್ಟಿ ತುಂಬತೈತಿ ಅಂತ ಆಕಿಗೆ ಗೊತ್ತಿರಲಿಲ್ಲ. ಕಟ್ಟಿ ಕಳಿಸಿದ್ಲು, ಅಷ್ಟ. ನಾವೂ ಅಷ್ಟ ಮಾಡಾಕ ಬರ್ತದ. ದೂರ ಹೋದ ಮಕ್ಕಳ ವಿಶ್ವಾಸಾನ ಫೋನಿನಾಗ ಹಾಜರಿ ತಗೊಂಡು ಕಾಯಾಕ ಆಗೂದಿಲ್ಲ.

ಐತವಾರ ಹಡ್ಸನ್ ಚರ್ಚಿನಾಗ ಕನ್ನಡ ಆರಾಧನೆ ಮುಗಿಸಿ ಬಂದಷ್ಟು ಮಂದೀನ ಎಂ.ಜಿ. ರೋಡಿಗೆ ಕರಕೊಂಡು ಹೋದೆ, ಕಿಟೆಲ್ ಸಾಹೇಬ್ರ ಪುತ್ಥಳಿ ತೋರಸಾಕ. ಧಾರವಾಡದ ಕಿಟೆಲ್ ಕಾಲೇಜು ಗೊತ್ತಿದ್ದವರಿಗೂ ಆ ಮನಿಷ್ಯಾ ಗೊತ್ತಿರಲಿಲ್ಲ. 1853ರಾಗ ಬಾಸೆಲ್ ಮಿಷನ್ನಿಂದ ಈ ಕಡೆ ಬಂದಾಗ ಅವರಿಗೆ 21 ವರ್ಷ. ನಿಮ್ಮ ಮಕ್ಕಳ ವಯಸ್ಸ. ಮಾತು ಬರದ ನಾಡಿನಾಗ ಮಂದಿ ಬಾಯಿಂದ ಒಂದೊಂದ ಶಬ್ದ ಕೂಡಿಸಿ, 1894ರಾಗ 70,000 ಶಬ್ದದ ಕನ್ನಡ ಡಿಕ್ಷನರಿ ಕೊಟ್ಟು ಹೋದ್ರು. ಕೆಲಸಾ ಕಳಕೊಂಡ ನಮ್ಮ ಹುಡುಗನೂ ಬಂದಿದ್ದ. "ಅವರ ಅವ್ವ ಏನ್ ಕಟ್ಟಿಕೊಟ್ಟಿರಬೇಕಕ್ಕಾ?" ಅಂತ ಕೇಳಿದ. ಎಲ್ಲಾರೂ ನಕ್ಕರು. ನನಗ ಮಾತ್ರ ಗಂಟಲು ಬಿಗೀತು.

ಅದಕ್ಕ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಒಂಬತ್ತರಾಗ ಐದು ಮಂದಿ ತಪ್ಪದ ಹೋಗ್ತಾರ, ಮೂವರು ಡ್ಯೂಟಿ ನೋಡಿ ಹೋಗ್ತಾರ, ಒಬ್ಬಾಂವ ಈಗ ಮತ್ತ ಶುರು ಮಾಡ್ಯಾನ. ಯಾರು ಯಾರು ಅಂತ ನನ್ನ ಕೇಳಬ್ಯಾಡ್ರಿ. ಐತವಾರ ಫೋನ್ ಮಾಡಿದಾಗ ಮೊದಲು "ಉಂಡೀ?" ಅಂತ ಕೇಳ್ರಿ. ಆಮ್ಯಾಲ ಸುಮ್ಮನ ಕೇಳಕೋತ ಕೂಡ್ರಿ. ಉಳಿದದ್ದು ಅವರ ಹೇಳ್ತಾರ.

ಮುಂದಿನ ಸಲ ಕ್ರಿಸ್ಮಸ್ಸಿಗೆ ಮೊದಲು ಹೋಗ್ತೇನಿ. ರೊಟ್ಟಿ ಪೂರ್ತಿ ಆರಿದ ಮ್ಯಾಲ ಹಳೀ ಹತ್ತಿ ಅರಬ್ಯಾಗ ಸುತ್ತಿ ಡಬ್ಬಿಗೆ ಹಾಕ್ರಿ, ಬಿಸಿ ಇದ್ದಾಗ ಕಟ್ಟಿದ್ರ ಬೂರಸು ಬರ್ತದ. ಎಣ್ಣಿ ಉಪ್ಪಿನಕಾಯಿ ಪ್ಲಾಸ್ಟಿಕ್ ಚೀಲದಾಗ ಬ್ಯಾಡ. ಡಬ್ಬಿ ಮ್ಯಾಲ ಹೆಸರು ಬರೀರಿ. ಮತ್ತ ಇಬ್ಬರಿಗಾಗೋವಷ್ಟು ಜಾಸ್ತಿ ಹಾಕ್ರಿ, ಮಣಿಪುರದ ಹುಡುಗಿ ಕೇಳ್ಯಾಳ.